ಟೋಲ್ಕೀನರ ‘ಗುಪ್ತವ್ಯಸನ’: ಕಲ್ಪಿತ ಭಾಷೆಯೂ ಅದರ ಪೂರ್ವಚರಿತ್ರೆಯೂ

ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಚೀನ ಆಂಗ್ಲಭಾಷೆಯ ಪ್ರಾಧ್ಯಾಪಕರಾಗಿದ್ದ ಜೆ. ಆರ್. ಆರ್. ಟೋಲ್ಕೀನರು ೧೯೩೧ನೆಯ ನವೆಂಬರ್ ೨೯ರಂದು ಅಲ್ಲಿಯ ಪೆಂಬ್ರೋಕ್ ಕಾಲೇಜಿನ ಜಾನ್ಸನ್ ಸಂಘದಲ್ಲಿ ಒಂದು ಪ್ರಬಂಧವನ್ನು ಓದಿದರು. ‘ಗುಪ್ತವ್ಯಸನ’ ಎಂದು ಕನ್ನಡಿಸಬಹುದಾದ ಹೆಸರಿನಿಂದ ಈಗ ಪ್ರಸಿದ್ಧವಾಗಿರುವ ಈ ಪ್ರಬಂಧವು ಅವರ ಜೀವಿತಕಾಲದಲ್ಲಿ ಅಚ್ಚಾಗಲಿಲ್ಲ. ಅವರು ೧೯೭೩ರಲ್ಲಿ ತೀರಿಕೊಂಡ ಹತ್ತು ವರ್ಷಗಳ ಮೇಲೆ, ೧೯೮೩ರಲ್ಲಿ, ಅವರ ಮಗ ಕ್ರಿಸ್ಟೊಫರ್ ಟೋಲ್ಕೀನರು ಅದನ್ನು ತಂದೆಯ ಇತರ ಪ್ರಬಂಧಗಳೊಡನೆ ಪ್ರಕಟಿಸಿದರು. ೨೦೧೬ರಲ್ಲಿ ಡಿಮಿತ್ರಾ ಫಿಮಿ, ಆಂಡ್ರೂ ಹಿಗಿನ್ಸ್ ಎಂಬ ವಿದ್ವಾಂಸರು ಕರಡುಪ್ರತಿಗಳನ್ನೂ ಸಂಬಂಧಪಟ್ಟ ಇನ್ನೊಂದು ಸಣ್ಣ ಲೇಖನವನ್ನೂ ಸೇರಿಸಿ ವಿಸ್ತಾರವಾದ ಆವೃತ್ತಿಯೊಂದನ್ನು ಹೊರತಂದರು. ಪ್ರಬಂಧದ ವಿಷಯವು ಪಂಡಿತಸಭೆಗೆ ಸ್ವಲ್ಪ ವಿಚಿತ್ರವಾದುದು. ಬಾಲ್ಯದಲ್ಲಿಯೂ ಹದಿಹರೆಯದಲ್ಲಿಯೂ ಕೆಲವರಿಗೆ ಹೊಸ ಭಾಷೆಗಳನ್ನು ತಾವೇ ಕಟ್ಟುವ ಚಪಲ ಉಂಟಾಗುತ್ತದೆ. ಬಹುಮಂದಿ ಅದನ್ನು ಬೇಗನೆ ಬಿಟ್ಟುಬಿಡುತ್ತಾರೆ. ಬಿಡದೆ ಇರುವವರು ಬಚ್ಚಿಟ್ಟುಕೊಳ್ಳುತ್ತಾರೆ. ಹೀಗೆ ಬಚ್ಚಿಟ್ಟುಕೊಂಡವರಲ್ಲಿ ತಾವೂ ಒಬ್ಬರೆಂದು ಮೂವತ್ತೊಂಬತ್ತು ವರ್ಷದ ಪ್ರಾಧ್ಯಾಪಕರು ಸಭೆಯ ಮುಂದೆ ಒಪ್ಪಿಕೊಂಡುದೇ ಆ ಉಪನ್ಯಾಸ.

ಆ ದಿನ ಕೇಳಿದವರಿಗೆ ಇದರ ಪರಿಣಾಮವು ಗೊತ್ತಾಗುವಂತಿರಲಿಲ್ಲ. ಅವರ ಕಥಾಗ್ರಂಥಗಳಲ್ಲಿ ಮೊದಲನೆಯದು ಹೊರಬಂದುದು ೧೯೩೭ರಲ್ಲಿ. ಕೀರ್ತಿಗೆ ಮುಖ್ಯಕಾರಣವಾದ ‘ಉಂಗುರಗಳ ಒಡೆಯ’ ೧೯೫೪-೫೫ರಲ್ಲಿ. ಈಗಿನ ವಾಚಕನು ಈ ಗ್ರಂಥಗಳ ಕಡೆಯಿಂದ ಹಿಂದಿರುಗಿ ಪ್ರಬಂಧವನ್ನು ಓದುತ್ತಾನೆ. ಆದುದರಿಂದ ಪ್ರಬಂಧದ ವಾದವು ಎಲ್ಲಿ ಗಟ್ಟಿ, ಎಲ್ಲಿ ಸಡಿಲು ಎಂಬುದನ್ನು ವಿಚಾರಿಸದೆ, ಗ್ರಂಥಗಳ ಕೀರ್ತಿಯನ್ನೇ ವಾದಕ್ಕೆ ಪ್ರಮಾಣವಾಗಿ ಗ್ರಹಿಸುವ ಅಭ್ಯಾಸವು ಬೆಳೆದಿದೆ. ವಾಸ್ತವವಾಗಿ ಪ್ರಬಂಧದಲ್ಲಿ ಎರಡು ಬೇರೆ ಬೇರೆ ಸಮರ್ಥನೆಗಳು ಹೆಣೆದುಕೊಂಡಿವೆ. ಒಂದು, ನಾದದ ಸುಖವನ್ನು ಆಧಾರಮಾಡಿಕೊಂಡದ್ದು. ಇನ್ನೊಂದು, ಭಾಷೆಯ ಪೂರ್ವಚರಿತ್ರೆಯನ್ನು ಆಧಾರಮಾಡಿಕೊಂಡದ್ದು. ಟೋಲ್ಕೀನರು ಮೊದಲನೆಯದನ್ನು ಹೆಚ್ಚು ಪ್ರೀತಿಯಿಂದ ಹೇಳುತ್ತಾರೆ. ನಿಲ್ಲತಕ್ಕದ್ದು ಎರಡನೆಯದು.

ಪ್ರಬಂಧದ ಪೂರ್ವಭಾಗವು ಒಂದು ಆತ್ಮಚರಿತ್ರೆ. ಟೋಲ್ಕೀನರ ತಾಯಿಯ ಸೋದರಿಗೆ ಇಬ್ಬರು ಹೆಣ್ಣುಮಕ್ಕಳಿದ್ದರು. ಇವರು ತಮ್ಮೊಳಗೆ ಆಡಿಕೊಳ್ಳುವುದಕ್ಕೆ ‘ಮೃಗಭಾಷೆ’ಯೊಂದನ್ನು ಮಾಡಿಕೊಂಡಿದ್ದರು. ಇದರಲ್ಲಿ ಪ್ರಾಣಿಪಕ್ಷಿಗಳ, ಮೀನುಗಳ ಇಂಗ್ಲಿಷು ಹೆಸರುಗಳೇ ಸಾಮಾನ್ಯವಾಗಿ ಬೇರೆ ಬೇರೆ ಅರ್ಥಗಳಲ್ಲಿ ಬರುತ್ತಿದ್ದುವು. ನಲವತ್ತು ಎಂಬ ಸಂಖ್ಯೆ ಕತ್ತೆಗೆ ಹೆಸರಾಗಿತ್ತು. ಕತ್ತೆ ಎಂಬ ಮಾತು ನಲವತ್ತಕ್ಕೆ ಹೆಸರಾಗಿತ್ತು. ಇದು ಭಾಷೆಯಲ್ಲ, ಬೀಗ. ನಮ್ಮ ಮಕ್ಕಳೂ ಅಕ್ಷರ ಅಕ್ಷರಕ್ಕೆ ಒಂದು ನಿಯತವಾದ ಅಕ್ಷರವನ್ನು ಸೇರಿಸಿಯೋ, ಪದಗಳನ್ನು ಹಿಂದುಮುಂದು ಮಾಡಿಯೋ ಹಿರಿಯರಿಗೆ ತಿಳಿಯದಂತೆ ಮಾತನಾಡುವುದುಂಟು. ಬೀಗದ ಕೈ ಸಿಕ್ಕಿದ ಒಡನೆ ಒಳಗಿರುವುದು ಮನೆಮಾತೇ. ಮೃಗಭಾಷೆಯು ಸತ್ತಮೇಲೆ ಆ ಬಾಲಿಕೆಯರಲ್ಲಿ ಒಬ್ಬಳೂ ಟೋಲ್ಕೀನರೂ ಇತರರೂ ಸೇರಿ ಬೆಳೆಸಿದ್ದು ‘ನೆವ್‌ಬಾಷ್’. ಹೊಸ ಹುಚ್ಚುಮಾತು ಎಂದು ಆ ಹೆಸರಿನ ಅರ್ಥ. ಇಂಗ್ಲಿಷು, ಫ್ರೆಂಚು, ಲ್ಯಾಟಿನ್ ಶಬ್ದಗಳನ್ನು ತಿರುಚಿ, ಕೆಲವನ್ನು ತಿರುಗುಮುರುಗು ಮಾಡಿ ಇದರ ಶಬ್ದಕೋಶ ಸಿದ್ಧವಾಯಿತು. ಇಂಗ್ಲಿಷಿನ ‘ಕೌ’ ಎಂಬುದನ್ನು ಹಿಂದಿನಿಂದ ಓದಿದರೆ ನೆವ್‌ಬಾಷಿನ ಹಸು.

ಇಷ್ಟರವರೆಗೆ ಹೇಳಿದುದೆಲ್ಲ ವಿನೋದ. ಆದರೆ ನೆವ್‌ಬಾಷಿನ ಒಂದು ಶಬ್ದದ ಹತ್ತಿರ ಪ್ರಬಂಧವು ಇದ್ದಕ್ಕಿದ್ದಂತೆ ಗಂಭೀರವಾಗುತ್ತದೆ. ‘ಲಿಂಟ್’ ಎಂಬುದು ಆ ಶಬ್ದ. ಚುರುಕು, ಚಟುವಟಿಕೆ, ಜಾಣತನ ಎಂಬ ಅರ್ಥ. ಇದನ್ನು ಮಕ್ಕಳು ಸ್ವೀಕರಿಸಿದುದಕ್ಕೆ ಕಾರಣ ಗುಟ್ಟಿನ ಆವಶ್ಯಕತೆಯಲ್ಲ. ಆ ನಾದಕ್ಕೂ ಆ ಅರ್ಥಕ್ಕೂ ಏನೋ ಹೊಂದಿಕೆಯಿದೆಯೆಂಬ ಸಂತೋಷ. ಟೋಲ್ಕೀನರು ಪ್ರೌಢರಾದ ಮೇಲೆ ರಚಿಸಿದ ಕ್ವೆನ್ಯಾ ಭಾಷೆಯಲ್ಲಿಯೂ ‘ಲಿಂತ’ ಎಂದರೆ ವೇಗವುಳ್ಳದ್ದು ಎಂದೇ ಅರ್ಥ. ೧೯೫೪ರಲ್ಲಿ ಪ್ರಕಟವಾದ ಅವರ ಮಹಾಕಥೆಯೊಳಗಿನ ಕ್ವೆನ್ಯಾ ವಿಲಾಪಗೀತೆಯಲ್ಲಿ, ವರ್ಷಗಳು ಸರಿದುಹೋದ ತ್ವರೆಯನ್ನು ಹೇಳುವಲ್ಲಿ, ಈ ಶಬ್ದವು ಬಂದಿದೆ. ಮಕ್ಕಳ ಆಟದಲ್ಲಿ ಹುಟ್ಟಿದ ಮಾತೊಂದು ಅರ್ಧ ಶತಮಾನದಷ್ಟು ಕಾಲ ಒಬ್ಬ ಪಂಡಿತನ ಕಿವಿಯಲ್ಲಿ ಉಳಿದಿದ್ದು, ಗಂಭೀರ ಕಾವ್ಯದ ಪಂಕ್ತಿಯಲ್ಲಿ ಸ್ಥಾನವನ್ನು ಪಡೆಯಿತು. ನೆವ್‌ಬಾಷಿನ ತರುವಾಯದ ‘ನಫಾರಿನ್’ ಟೋಲ್ಕೀನರೊಬ್ಬರದೇ ಸೊತ್ತು. ಅವರ ಪೋಷಕರಾಗಿದ್ದ ಪಾದ್ರಿ ಫ್ರಾನ್ಸಿಸ್ ಮಾರ್ಗನರ ಸ್ಪ್ಯಾನಿಷ್ ಪುಸ್ತಕಗಳ ಪ್ರಭಾವವು ಅದರಲ್ಲಿ ಕಾಣುತ್ತದೆ. ಆಡುವುದಕ್ಕೆ ಜೊತೆಗಾರರಿಲ್ಲದ ಭಾಷೆಯನ್ನು ಹುಡುಗನೊಬ್ಬನು ಏತಕ್ಕೆ ಕಟ್ಟಬೇಕು? ವ್ಯವಹಾರಕ್ಕಲ್ಲ, ರಹಸ್ಯಕ್ಕೂ ಅಲ್ಲ. ಈ ಪ್ರಶ್ನೆಯಿಂದಲೇ ಪ್ರಬಂಧದ ವಾದವು ಆರಂಭವಾಗತಕ್ಕದ್ದು.

ಟೋಲ್ಕೀನರು ಕೊಡುವ ಉತ್ತರ ಇದು: ಪ್ರತಿಯೊಬ್ಬನಿಗೂ ನಾದದಲ್ಲಿ ತನ್ನದೇ ಆದ ಒಂದು ರುಚಿಯಿದೆ, ಮಾತೃಭಾಷೆಯು ಅದನ್ನು ಪೂರ್ತಿಯಾಗಿ ತೃಪ್ತಿಪಡಿಸುವುದಿಲ್ಲ, ಆ ರುಚಿಗೆ ಒಪ್ಪುವ ಶಬ್ದರೂಪಗಳನ್ನು ಕಟ್ಟಿ, ಅವಕ್ಕೆ ಅರ್ಥಗಳನ್ನು ಹೊಂದಿಸಿ ನೋಡುವುದರಲ್ಲಿ ಒಂದು ಶುದ್ಧವಾದ ಸುಖವಿದೆ. ಅವರ ಜೀವನಚರಿತ್ರೆಯ ಸಾಮಗ್ರಿಯು ಇದಕ್ಕೆ ಒತ್ತಾಸೆಯಾಗಿಯೇ ಇದೆ. ಬಾಲ್ಯದಲ್ಲಿ ಬರ್ಮಿಂಗ್‌ಹ್ಯಾಮಿನ ಮನೆಯ ಹತ್ತಿರ ಹಾದುಹೋಗುತ್ತಿದ್ದ ಕಲ್ಲಿದ್ದಲಿನ ರೈಲುಗಾಡಿಗಳ ಮೇಲೆ ಬರೆದಿದ್ದ ವೇಲ್ಸ್ ದೇಶದ ಊರುಗಳ ಹೆಸರುಗಳು, ಅರ್ಥ ತಿಳಿಯದಿದ್ದರೂ, ಅವರನ್ನು ಮೋಹಗೊಳಿಸಿದುವು. ಶಾಲೆಯಲ್ಲಿದ್ದಾಗ ಸಹಪಾಠಿಯೊಬ್ಬನಿಂದ ಕೊಂಡ ಜೋಸೆಫ್ ರೈಟರ ಗಾಥಿಕ್ ವ್ಯಾಕರಣವನ್ನು ಹಸಿದವನಂತೆ ಓದಿದರು. ಆಕ್ಸ್‌ಫರ್ಡಿಗೆ ಹೋದಮೇಲೆ ಎಕ್ಸೆಟರ್ ಕಾಲೇಜಿನ ಪುಸ್ತಕಭಂಡಾರದಲ್ಲಿ ಎಲಿಯಟನ ಫಿನ್ನಿಷ್ ವ್ಯಾಕರಣವು ಸಿಕ್ಕಿ, ಪರೀಕ್ಷೆಯ ಪಾಠಗಳು ಹಿಂದೆ ಬಿದ್ದುವು. ವೆಲ್ಷ್ ಮತ್ತು ಫಿನ್ನಿಷ್ ಭಾಷೆಗಳ ನಾದವೇ ಅವರ ಎರಡು ಮುಖ್ಯ ಕಲ್ಪಿತ ಭಾಷೆಗಳಾದ ಸಿಂದರಿನ್ ಮತ್ತು ಕ್ವೆನ್ಯಾಗಳಿಗೆ ಮಾದರಿಯಾಯಿತು.

ಇಷ್ಟನ್ನು ಒಪ್ಪಿದರೂ, ನಾದರುಚಿಯ ವಾದವು ವಿಮರ್ಶೆಯ ತಕ್ಕಡಿಯಲ್ಲಿ ಹಗುರವಾಗಿಯೇ ಇರುತ್ತದೆ. ಒಂದು ನಾದವು ಸ್ವತಃ ಸುಂದರವೆಂದು ನಿಶ್ಚಯಿಸುವವರು ಯಾರು? ಕೇಳುವವನ ಕಿವಿಯು ಅವನ ಮಾತೃಭಾಷೆಯಲ್ಲಿ ಆಗಲೇ ಪಳಗಿರುತ್ತದೆ. ವೆಲ್ಷ್ ಊರುಗಳ ಹೆಸರು ಆಂಗ್ಲ ಬಾಲಕನನ್ನು ಮೋಹಗೊಳಿಸಿತೆಂಬುದು ನಿಜ. ಆ ಊರುಗಳಲ್ಲಿಯೇ ಹುಟ್ಟಿದವನಿಗೆ ಅವು ಬರಿಯ ವಿಳಾಸಗಳು. ನಮ್ಮ ಆಲಂಕಾರಿಕರು ಈ ವಿಷಯದಲ್ಲಿ ಹೆಚ್ಚು ಎಚ್ಚರಿಕೆಯಿಂದ ನಡೆದಿದ್ದಾರೆಂದು ತೋರುತ್ತದೆ. ಶಬ್ದ ಮತ್ತು ಅರ್ಥಗಳ ಸಾಹಿತ್ಯವೇ ಕಾವ್ಯವೆಂಬ ಭಾಮಹನ ಲಕ್ಷಣವು ಇರಲಿ. ವರ್ಣಗಳಿಗೆ ರಸವನ್ನು ವ್ಯಂಜಿಸುವ ಶಕ್ತಿಯಿದೆಯೆಂದು ಒಪ್ಪಿದ ಆನಂದವರ್ಧನನು ಸಹ, ಶಕಾರ ಷಕಾರಗಳೂ ರೇಫಸಂಯೋಗಗಳೂ ಢಕಾರವೂ ಶೃಂಗಾರಕ್ಕೆ ವಿರೋಧಿಗಳು, ಅವೇ ಬೀಭತ್ಸಕ್ಕೆ ಪೋಷಕಗಳು ಎಂದು ಹೇಳಿ, ನಾದದ ಗುಣದೋಷಗಳನ್ನು ರಸಕ್ಕೆ ಅಧೀನವಾಗಿ ಮಾಡಿದನು. ಅಂದಮೇಲೆ ವರ್ಣವು ಒಂಟಿಯಾಗಿ ನಿಂತು ಸುಂದರವೂ ಅಲ್ಲ, ಅಸುಂದರವೂ ಅಲ್ಲ. ಟೋಲ್ಕೀನರೂ ತಮ್ಮ ಕಥೆಗಳನ್ನು ಬರೆಯುವಾಗ ಅನುಸರಿಸಿದ್ದು ಈ ನ್ಯಾಯವನ್ನೇ. ದುಷ್ಟರ ಬಾಯಲ್ಲಿ ಇಟ್ಟ ‘ಕರಿಮಾತ’ನ್ನು ಅವರು ಗಂಟಲನ್ನು ಕೆರೆಯುವ ವರ್ಣಗಳಿಂದ ಕಟ್ಟಿದರು, ಅಲ್ಲಿ ಆ ಕರ್ಕಶತೆಯೇ ಔಚಿತ್ಯ. ಪ್ರಬಂಧದಲ್ಲಿಯಾದರೋ ‘ಅವನವನ ರುಚಿ’ ಎಂಬಲ್ಲಿಗೆ ವಾದವು ನಿಂತುಬಿಡುತ್ತದೆ. ಅವನವನ ರುಚಿಯ ಮೇಲೆ ನಿಂತ ಕಲೆಗೆ ವಿಮರ್ಶೆಯೂ ಇಲ್ಲ, ಪಾಠವೂ ಇಲ್ಲ. ಅದನ್ನು ವ್ಯಸನವೆಂದು ಕರೆದರೂ ಆಕ್ಷೇಪಿಸುವಂತಿಲ್ಲ.

ಇನ್ನು ಎರಡನೆಯ ಸಮರ್ಥನೆ. ಪ್ರಬಂಧದ ಉತ್ತರಭಾಗದಲ್ಲಿ ಟೋಲ್ಕೀನರು ಒಂದು ಮಾತನ್ನು ಬಹಳ ಸಂಕ್ಷೇಪವಾಗಿ ಹೇಳಿ ಮುಂದಕ್ಕೆ ಹೋಗುತ್ತಾರೆ: ಕಲ್ಪಿತ ಭಾಷೆಯು ಕಲೆಯಾಗಬೇಕಾದರೆ ಅದಕ್ಕೆ ಕಲ್ಪಿತವಾದರೂ ಒಂದು ಚರಿತ್ರೆ ಬೇಕು, ಕಾಲದಿಂದ ಕಾಲಕ್ಕೆ ಶಬ್ದಗಳು ಮಾರ್ಪಟ್ಟ ಬಗೆ ಬೇಕು, ಆ ಭಾಷೆಯೊಡನೆ ಒಂದು ಪುರಾಣವೂ ಹುಟ್ಟಬೇಕು, ಭಾಷೆಯನ್ನು ಕಟ್ಟುವುದೂ ಪುರಾಣವನ್ನು ಕಟ್ಟುವುದೂ ಒಂದಕ್ಕೊಂದು ಹೊಂದಿಕೊಂಡ ವ್ಯಾಪಾರಗಳು. ಪ್ರಬಂಧದಲ್ಲಿ ಕೆಲವೇ ವಾಕ್ಯಗಳಿಗೆ ಸೀಮಿತವಾದ ಈ ಮಾತು ಅವರ ಜೀವಮಾನದ ಕೆಲಸವನ್ನೆಲ್ಲ ಆವರಿಸಿದೆ.

ಕನ್ನಡ ವ್ಯಾಕರಣವನ್ನು ಬಲ್ಲವರಿಗೆ ಈ ಚರಿತ್ರೆ ಎಂದರೇನೆಂದು ವಿವರಿಸುವುದು ಕಷ್ಟವಲ್ಲ. ಹಳಗನ್ನಡದ ಪಾಲ್ ಹೊಸಗನ್ನಡದಲ್ಲಿ ಹಾಲು, ಪೂ ಎಂಬುದು ಹೂ, ಪುಲಿ ಎಂಬುದು ಹುಲಿ. ಇವು ಬಿಡಿ ಬಿಡಿ ಆಕಸ್ಮಿಕಗಳಲ್ಲ. ಒಂದೇ ನಿಯಮದ ಉದಾಹರಣೆಗಳು. ಕನ್ನಡದ ಕಿವಿಗೆ ತಮಿಳಿನಲ್ಲಿ ಸೆವಿ, ಕನ್ನಡದ ಗೆಯ್ ಎಂಬುದಕ್ಕೆ ತಮಿಳಿನಲ್ಲಿ ಸೆಯ್. ಇಂತಹ ಜೋಡಿಗಳನ್ನು ಎದುರುಬದುರಾಗಿಟ್ಟೇ ೧೮೫೬ರಲ್ಲಿ ಕಾಲ್ಡ್‌ವೆಲ್ಲನು ದ್ರಾವಿಡಭಾಷೆಗಳ ತೌಲನಿಕ ವ್ಯಾಕರಣವನ್ನು ಬರೆದನು. ಟೋಲ್ಕೀನರ ಭಾಷೆಗಳಲ್ಲಿಯೂ ಇದೇ ಕ್ರಮವನ್ನು ಕಾಣಬಹುದು. ಮಾತು ಎಂಬುದಕ್ಕೆ ಕ್ವೆನ್ಯಾದಲ್ಲಿ ‘ಕ್ವೆತ್ತ’, ಸಿಂದರಿನಿನಲ್ಲಿ ‘ಪೆಥ್’. ಹಂಸಕ್ಕೆ ಅಲ್ಲಿ ‘ಆಲ್ಕ್ವ’, ಇಲ್ಲಿ ‘ಆಲ್ಫ್’. ಮರಕ್ಕೆ ಅಲ್ಲಿ ‘ಆಲ್ದ’, ಇಲ್ಲಿ ‘ಗಲಧ್’. ಎರಡೂ ಒಂದು ಮೂಲಭಾಷೆಯಿಂದ ಕವಲೊಡೆದುವು. ಮೂಲದ ಕ್ವಕಾರವು ಒಂದು ಕವಲಿನಲ್ಲಿ ಹಾಗೆಯೇ ಉಳಿಯಿತು, ಇನ್ನೊಂದರಲ್ಲಿ ಪವರ್ಗಕ್ಕೆ ತಿರುಗಿತು. ಪದಾದಿಯ ಗಕಾರವು ಕ್ವೆನ್ಯಾದಲ್ಲಿ ಲೋಪವಾಯಿತು. ಲ್ಯಾಟಿನ್ನಿನ ಕ್ವಕಾರಕ್ಕೆ ವೆಲ್ಷ್ ಭಾಷೆಯಲ್ಲಿ ಪಕಾರವು ನಿಲ್ಲುವುದನ್ನು ಬಲ್ಲ ಪಂಡಿತನು ಈ ನಿಯಮವನ್ನು ಎಲ್ಲಿಂದ ತಂದನೆಂಬುದು ಊಹಿಸಲು ಅಶಕ್ಯವಲ್ಲ. ಮನುಷ್ಯನಿಗೆ ಕ್ವೆನ್ಯಾದಲ್ಲಿ ‘ಅತನ್’. ಸ್ವರಮಧ್ಯದ ತಕಾರವು ಸಡಿಲವಾಗಿ ಸಿಂದರಿನಿನಲ್ಲಿ ‘ಅದನ್’. ಬಹುವಚನದಲ್ಲಿ, ಲೋಪವಾಗಿ ಹೋದ ಇಕಾರದ ನೆರಳು ಹಿಂದಿನ ಸ್ವರಗಳ ಮೇಲೆ ಬಿದ್ದು, ‘ಎದೈನ್’. ಹೀಗೆ ಒಂದು ರೂಪವನ್ನು ಕೊಟ್ಟರೆ ಇನ್ನೊಂದನ್ನು ನಿಯಮದಿಂದ ಸಾಧಿಸಬಹುದು. ಇದು ರುಚಿಯ ಮಾತಲ್ಲ; ಸರಿ ತಪ್ಪು ಎಂದು ತೀರ್ಮಾನಿಸಬಹುದಾದ ಶಾಸ್ತ್ರ. ಟೋಲ್ಕೀನರೇ ಆಗಾಗ್ಗೆ ತಮ್ಮ ಹಳೆಯ ಶಬ್ದವೊಂದು ನಿಯಮಕ್ಕೆ ಹೊಂದುವುದಿಲ್ಲವೆಂದು ಕಂಡು, ಮೂಲಧಾತುವನ್ನು ತಿದ್ದುವುದೋ ನಿಯಮವನ್ನು ತಿದ್ದುವುದೋ ಎಂದು ಹೆಣಗಿದುದು ಅವರ ಕಾಗದಪತ್ರಗಳಿಂದ ಗೊತ್ತಾಗುತ್ತದೆ.

ಈ ಅಭ್ಯಾಸವು ಅವರಿಗೆ ಬಂದುದು ಹದಿಹರೆಯದಲ್ಲಿಯೇ. ಗಾಥಿಕ್ ಭಾಷೆಯಲ್ಲಿ ಉಳಿದಿರುವ ಗ್ರಂಥಭಾಗವು ಬಹಳ ಸ್ವಲ್ಪ. ಬೈಬಲ್ಲಿನ ಭಾಷಾಂತರದ ತುಣುಕುಗಳೇ ಅದರಲ್ಲಿ ಹೆಚ್ಚು. ಸಿಕ್ಕದೆ ಹೋದ ಶಬ್ದಗಳನ್ನು, ಸೋದರಭಾಷೆಗಳ ಆಧಾರದಿಂದ, ಹೀಗಿದ್ದಿರಬೇಕು ಎಂದು ಊಹಿಸಿ ತುಂಬುವ ಕೆಲಸಕ್ಕೆ ಶಾಲೆಯ ಹುಡುಗನಾಗಿದ್ದಾಗಲೇ ಅವರು ಕೈಹಾಕಿದರು. ವಿದ್ವಾಂಸನು ಪುನಾರಚನೆ ಎಂದು ಕರೆಯುವುದಕ್ಕೂ ಹುಡುಗನು ಆಟವೆಂದು ಕರೆಯುವುದಕ್ಕೂ ನಡುವಣ ಗೆರೆಯು ಇಲ್ಲಿ ಅಳಿಸಿಹೋಗುತ್ತದೆ. ೧೯೦೯ರ, ಎಂದರೆ ಅವರ ಹದಿನೇಳನೆಯ ವರ್ಷದ, ಒಂದು ಕೈಬರೆಹದ ಪುಸ್ತಕ ಉಳಿದಿದೆ. ಅದರಲ್ಲಿ ಎಸ್ಪೆರಾಂತೊ ಭಾಷೆಯಲ್ಲಿ ಬರೆದ ಟಿಪ್ಪಣಿಗಳೂ ಸ್ವಂತವಾದ ಒಂದು ಸಂಕೇತಲಿಪಿಯೂ ಇವೆ. ಆ ಲಿಪಿಯ ಮುಂದಿನ ಪರಿಣತಿಯನ್ನು ‘ತೆಂಗ್ವಾರ್’ ಎಂಬ ಅಕ್ಷರಮಾಲೆಯಲ್ಲಿ ನೋಡಬೇಕು. ಇದರ ಮುಖ್ಯವಾದ ಇಪ್ಪತ್ತುನಾಲ್ಕು ಅಕ್ಷರಗಳನ್ನು ನಾಲ್ಕು ಸಾಲು ಆರು ಮೆಟ್ಟಿಲುಗಳಾಗಿ, ಉಚ್ಚಾರಣಸ್ಥಾನಕ್ಕೂ ಪ್ರಯತ್ನಕ್ಕೂ ಅನುಸಾರವಾಗಿ ಜೋಡಿಸಿದೆ. ಕಚಟತಪ ವರ್ಗಗಳನ್ನು ಬಾಯಿಪಾಠಮಾಡಿ ಬೆಳೆದ ಕನ್ನಡಿಗನಿಗೆ ಇದರಲ್ಲಿ ಅಪರಿಚಿತವಾದುದು ಏನೂ ಇಲ್ಲ. ಒಂದು ಅಂಶದಲ್ಲಿ ಮಾತ್ರ ಇದು ನಮ್ಮದನ್ನು ಮೀರಿದೆ. ನಮ್ಮಲ್ಲಿ ವರ್ಗದ ಕ್ರಮವು ಶಾಸ್ತ್ರೀಯವಾದುದು, ಅಕ್ಷರದ ಆಕಾರವು ರೂಢಿಯಿಂದ ಬಂದದ್ದು. ಕಕಾರವನ್ನು ನೋಡಿ ಗಕಾರದ ರೂಪವನ್ನು ಊಹಿಸುವಂತಿಲ್ಲ. ತೆಂಗ್ವಾರಿನಲ್ಲಿ ಅಕ್ಷರದ ಕೊಂಡಿಯು ಇಮ್ಮಡಿಯಾದರೆ ಘೋಷ, ಕಂಬವು ಮೇಲಕ್ಕೆ ಎದ್ದರೆ ಊಷ್ಮ. ಸ್ವರಗಳು ನಮ್ಮ ಗುಣಿತದಂತೆ ವ್ಯಂಜನಕ್ಕೆ ಅಂಟಿಕೊಂಡ ಚಿಹ್ನೆಗಳು.

ಭಾಷೆಗೆ ಚರಿತ್ರೆಯಿದ್ದರೆ ಅದರಿಂದ ಪುರಾಣವು ಹುಟ್ಟುತ್ತದೆಂಬ ಮಾತು ೧೯೩೧ರ ಸಭಿಕರಿಗೆ ಅತಿಶಯೋಕ್ತಿಯಾಗಿ ತೋರಿದ್ದರೆ ಆಶ್ಚರ್ಯವಿಲ್ಲ. ಅವರ ಕೈಯಲ್ಲಿ ನಿದರ್ಶನಗಳಿರಲಿಲ್ಲ, ಈಗ ಇವೆ. ಟೋಲ್ಕೀನರು ತಮ್ಮ ಕೊನೆಗಾಲದಲ್ಲಿ, ೧೯೬೮ರ ಸುಮಾರಿನಲ್ಲಿ, ಬರೆದ ಒಂದು ಟಿಪ್ಪಣಿಯು ೧೯೯೬ರಲ್ಲಿ ಅಚ್ಚಾಯಿತು. ಕ್ವೆನ್ಯಾದಲ್ಲಿ ಪೂರ್ವದಲ್ಲಿದ್ದ, ಇಂಗ್ಲಿಷಿನ ‘ಥಿನ್’ ಎಂಬ ಶಬ್ದದ ಮೊದಲಲ್ಲಿ ಕೇಳುವಂತಹ, ದಂತ್ಯ ಊಷ್ಮವೊಂದು ಕಾಲಕ್ರಮದಲ್ಲಿ ಸಕಾರವಾಯಿತು. ವ್ಯಾಕರಣದಲ್ಲಿ ಇದು ಒಂದು ಸೂತ್ರದ ಕೆಲಸ. ಟೋಲ್ಕೀನರು ಕೇಳಿದ ಪ್ರಶ್ನೆಯೇ ಬೇರೆ: ಆ ಮಾರ್ಪಾಟು ನಡೆಯುತ್ತಿದ್ದಾಗ ಆಡುವವರಿಗೆ ಏನೆನ್ನಿಸಿತು? ರಾಜಕುಮಾರನಾದ ಫೆಯನೋರನ ತಾಯಿಯ ಹೆಸರಿನಲ್ಲಿ ಆ ಹಳೆಯ ವರ್ಣವಿತ್ತು. ‘ಥೆರಿಂದೆ’, ಕಸೂತಿಯಲ್ಲಿ ನಿಪುಣೆ, ಎಂದು ಅವಳ ಬಿರುದು. ಅವಳು ಮಗನನ್ನು ಹೆತ್ತಮೇಲೆ ಜೀವದಲ್ಲಿ ಆಸೆಯನ್ನು ಬಿಟ್ಟು ಹೋದಳು. ತಂದೆಯು ಇನ್ನೊಬ್ಬಳನ್ನು ವರಿಸಿದನು. ಆಸ್ಥಾನವು ಸಕಾರಕ್ಕೆ ಒಲಿಯಿತು. ‘ಸೆರಿಂದೆ’ ಎಂದು ಯಾರಾದರೂ ಅಂದರೆ ಮಗನಿಗೆ ಅದು ತಾಯಿಯ ಸ್ಮೃತಿಗೆ ಮಾಡಿದ ಅಪಚಾರ. ಅವನೂ ಅವನ ಮಕ್ಕಳೂ ಹಳೆಯ ಉಚ್ಚಾರಣೆಯನ್ನು ಹಟದಿಂದ ಹಿಡಿದರು. ಉಚ್ಚಾರಣೆಯೇ ಪಕ್ಷದ ಗುರುತಾಯಿತು. ಒಂದು ಕುಲದ ಒಡಕು ಅಕ್ಷರದಲ್ಲಿ ಕೇಳತೊಡಗಿತು.

ಕೇಶಿರಾಜನು ರಳ, ಕುಳ, ಕ್ಷಳಗಳನ್ನು ವಿಂಗಡಿಸಿ, ೞಕಾರವುಳ್ಳ ಶಬ್ದಗಳನ್ನು ಗಣಗಳಾಗಿ ಕಟ್ಟಿಟ್ಟುದು ವಿದ್ಯಾರ್ಥಿಗಳಿಗೆ ಒಣ ಪಾಠವಾಗಿ ಕಾಣುವುದುಂಟು. ಬಾಯಿಂದ ಮರೆಯಾಗುತ್ತಿದ್ದ ವರ್ಣವೊಂದನ್ನು ಬರೆಹದಲ್ಲಾದರೂ ಉಳಿಸಬೇಕೆಂಬ ಆತುರವು ಆ ಸೂತ್ರಗಳ ಹಿಂದೆ ಇದೆ. ಆ ಆತುರಕ್ಕೆ ಒಬ್ಬ ಮನುಷ್ಯನ ಹೆಸರನ್ನೂ ಒಂದು ದುಃಖವನ್ನೂ ಕೊಟ್ಟರೆ ಟೋಲ್ಕೀನರ ಕಥೆಯಾಗುತ್ತದೆ. ಟೋಲ್ಕೀನರ ತಾಯಿಯು ತೀರಿಕೊಂಡಾಗ ಅವರಿಗೆ ಹನ್ನೆರಡು ವರ್ಷ, ೧೯೦೪ರಲ್ಲಿ. ಅವರಿಗೆ ಮೊದಲು ಲ್ಯಾಟಿನ್ ಕಲಿಸಿದವಳು ಆಕೆಯೇ. ಕವಿಯ ಜೀವನದಿಂದ ಕಾವ್ಯದ ಅರ್ಥವನ್ನು ಹಿಂಡಿ ತೆಗೆಯುವುದು ಪ್ರಶಸ್ತವಾದ ಮಾರ್ಗವಲ್ಲ. ಆದರೂ ತಾಯಿಯ ಹೆಸರಿನ ಒಂದು ವರ್ಣಕ್ಕಾಗಿ ಹೋರಾಡುವ ಮಗನ ಕಥೆಯನ್ನು ಓದುವಾಗ ಈ ಸಂಗತಿಯನ್ನು ಮರೆಯುವುದು ಸುಲಭವಲ್ಲ. ನಾದರುಚಿಯೊಂದರಿಂದಲೇ ಇಂತಹ ಕಥೆ ಹುಟ್ಟಲಾರದು. ಥಕಾರಕ್ಕಿಂತ ಸಕಾರವು ಇಂಪೋ ಅಲ್ಲವೋ ಎಂಬುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಯಾವುದು ಮೊದಲು ಇತ್ತು, ಯಾರ ಬಾಯಲ್ಲಿತ್ತು ಎಂಬುದೇ ಎಲ್ಲವೂ ಆಗಿದೆ.

ರಚನೆಯ ಕಾಲಕ್ರಮವೂ ಇದಕ್ಕೆ ಅನುಕೂಲವಾಗಿದೆ. ಕ್ವೆನ್ಯಾದ ಮೊದಲ ನಿಘಂಟು ಆರಂಭವಾದುದು ೧೯೧೫ರಲ್ಲಿ. ಆ ಭಾಷೆಯನ್ನಾಡುವವರ ಮೊದಲ ದೀರ್ಘಕಥೆಗಳು ಬಂದುದು ಅನಂತರದ ವರ್ಷಗಳಲ್ಲಿ. ತಮ್ಮ ಕಥೆಗಳು ಭಾಷೆಗಳಿಗೆ ಒಂದು ಲೋಕವನ್ನು ಒದಗಿಸುವುದಕ್ಕಾಗಿ ಹುಟ್ಟಿದುವೇ ಹೊರತು ಭಾಷೆಗಳು ಕಥೆಗಳಿಗಾಗಿ ಹುಟ್ಟಲಿಲ್ಲವೆಂದು ಅವರು ೧೯೫೫ರಲ್ಲಿ ತಮ್ಮ ಅಮೆರಿಕದ ಪ್ರಕಾಶಕರಿಗೆ ತಿಳಿಸಿದರು. ವಾಚಕರು ಸಾಮಾನ್ಯವಾಗಿ ಇದನ್ನು ಗ್ರಂಥಕರ್ತನ ವಿನೋದವೆಂದು ತಿಳಿಯುತ್ತಾರೆ. ನಿಘಂಟಿನ ತಾರೀಖು ಹಾಗೆ ತಿಳಿಯುವುದಕ್ಕೆ ಆಸ್ಪದ ಕೊಡುವುದಿಲ್ಲ.

ಆದರೆ ಇದೇ ಸಿದ್ಧಾಂತವನ್ನು ಟೋಲ್ಕೀನರು ಪರರ ಭಾಷೆಗೆ ಅನ್ವಯಿಸಿದಾಗ ಅನ್ಯಾಯವಾಗಿದೆ. ೧೯೩೧ರ ಪ್ರಬಂಧವು ಎಸ್ಪೆರಾಂತೊ ಭಾಷೆಯ ವಿಷಯದಲ್ಲಿ ಸ್ನೇಹದಿಂದಲೇ ಮಾತನಾಡುತ್ತದೆ; ಹಿಂದಿನ ವರ್ಷ ಆ ಭಾಷೆಯವರ ಸಮ್ಮೇಳನವು ಆಕ್ಸ್‌ಫರ್ಡಿನಲ್ಲಿಯೇ ನಡೆದಿತ್ತು. ೧೯೫೬ರ ಪತ್ರವೊಂದರಲ್ಲಿಯಾದರೋ, ಎಸ್ಪೆರಾಂತೊ, ವೋಲಪ್ಯೂಕ್ ಮುಂತಾದುವುಗಳ ಕರ್ತೃಗಳು ಪುರಾಣಗಳನ್ನು ಕಲ್ಪಿಸದೆ ಹೋದುದರಿಂದ ಅವು ಸತ್ತ ಭಾಷೆಗಳು ಎಂದು ತೀರ್ಪು ಕೊಟ್ಟಿದ್ದಾರೆ. ವೋಲಪ್ಯೂಕಿನ ವಿಷಯದಲ್ಲಿ ತೀರ್ಪಿನ ಫಲವು ಸರಿ, ಕಾರಣವು ಸಂದೇಹಾಸ್ಪದ. ಎಸ್ಪೆರಾಂತೊ ವಿಷಯದಲ್ಲಿ ಫಲವೇ ತಪ್ಪು. ಅದೇ ೧೯೫೬ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ಆಲ್ಡನ ದೀರ್ಘಕಾವ್ಯವು ಎಸ್ಪೆರಾಂತೊ ಭಾಷೆಯಲ್ಲಿ ಪ್ರಕಟವಾಯಿತು. ಆ ಭಾಷೆಯನ್ನು ತೊಟ್ಟಿಲಲ್ಲಿಯೇ ಕೇಳಿ ಕಲಿತವರೂ ಇದ್ದಾರೆ. ಒಬ್ಬನ ಕಲ್ಪಿತ ಪುರಾಣಕ್ಕೆ ಬದಲಾಗಿ ಹಲವರ ನಿಜವಾದ ಬಾಳು ಅದಕ್ಕೆ ಚರಿತ್ರೆಯನ್ನು ಕೊಟ್ಟಿತು.

ಆ ಭಾಷೆಯ ಕರ್ತೃವಾದ ಲುಡ್ವಿಕ್ ಝಾಮೆನ್‌ಹಾಫನೂ ಹದಿಹರೆಯದಲ್ಲಿಯೇ ಈ ಹುಚ್ಚನ್ನು ಹಿಡಿಸಿಕೊಂಡವನು. ೧೮೫೯ರಲ್ಲಿ, ಆಗ ರಷ್ಯಾ ಚಕ್ರಾಧಿಪತ್ಯಕ್ಕೆ ಸೇರಿದ್ದ ಬಿಯಾವಿಸ್ತೋಕ್ ಎಂಬ ಊರಿನಲ್ಲಿ ಯಹೂದ್ಯರ ಮನೆಯಲ್ಲಿ ಹುಟ್ಟಿದನು; ಆ ಊರಿನಲ್ಲಿ ನಾಲ್ಕು ಜನಾಂಗಗಳು, ನಾಲ್ಕು ಭಾಷೆಗಳು, ತೀರದ ವೈಷಮ್ಯ. ಎಲ್ಲರಿಗೂ ಸಮನಾದ ಒಂದು ಭಾಷೆಯನ್ನು ಕಟ್ಟಲು ಹೊರಟ ಹುಡುಗನು ಶಬ್ದಗಳ ಅಪಾರ ಸಂಖ್ಯೆಯನ್ನು ಕಂಡು ಹೆದರಿದನು. ಒಂದು ದಿನ ಬೀದಿಯಲ್ಲಿ, ಬಾಗಿಲುಕಾಯುವವನ ಕೋಣೆಯ ಹಲಗೆಯ ಮೇಲೂ ಮಿಠಾಯಿ ಅಂಗಡಿಯ ಹಲಗೆಯ ಮೇಲೂ ರಷ್ಯನ್ ಭಾಷೆಯ ‘ಸ್ಕಯ’ ಎಂಬ ಒಂದೇ ಪ್ರತ್ಯಯವು ಅವನ ಕಣ್ಣಿಗೆ ಬಿದ್ದಿತು. ಬಳೆಗಾರ, ಹಾಡುಗಾರ, ಮೋಸಗಾರ ಎಂಬಲ್ಲಿ ಒಂದು ತದ್ಧಿತವು ಮೂರು ಶಬ್ದಗಳನ್ನು ಕೊಡುವಂತೆ, ಕೆಲವು ಪ್ರತ್ಯಯಗಳಿಂದ ನಿಘಂಟಿನ ಬಹುಭಾಗವನ್ನು ಉಳಿಸಬಹುದೆಂಬ ಯುಕ್ತಿಯು ಹೊಳೆಯಿತು. ರೈಲುಗಾಡಿಯ ಮೇಲಿನ ಹೆಸರಿನಲ್ಲಿ ಒಬ್ಬ ಹುಡುಗನು ನಾದವನ್ನು ಕಂಡನು. ಅಂಗಡಿಯ ಹಲಗೆಯಲ್ಲಿ ಇನ್ನೊಬ್ಬನು ಪ್ರತ್ಯಯವನ್ನು ಕಂಡನು. ಎರಡು ಭಾಷೆಗಳ ಮುಂದಿನ ಗತಿಯೆಲ್ಲ ಈ ಎರಡು ನೋಟಗಳಲ್ಲಿಯೇ ಅಡಗಿದೆ. ೧೮೭೮ರ ಡಿಸೆಂಬರಿನಲ್ಲಿ ಝಾಮೆನ್‌ಹಾಫನು ವಾರ್ಸಾದಲ್ಲಿ ತನ್ನ ಸಹಪಾಠಿಗಳೊಡನೆ ಆ ಭಾಷೆಯ ಮೊದಲ ರೂಪದ ಜನ್ಮೋತ್ಸವವನ್ನು ಆಚರಿಸಿದನು. ಅನಂತರ ವೈದ್ಯವಿದ್ಯೆಗಾಗಿ ಮಾಸ್ಕೋ ನಗರಕ್ಕೆ ಹೋಗುವಾಗ ಕಾಗದಗಳನ್ನೆಲ್ಲ ತಂದೆಯ ವಶಕ್ಕೆ ಕೊಟ್ಟುಹೋದನು. ತಂದೆಯು ಸ್ವತಃ ಭಾಷೆಗಳ ಉಪಾಧ್ಯಾಯ. ಮಗನ ಭವಿಷ್ಯಕ್ಕೆ ಕೇಡೆಂದು ಹೆದರಿ ಅವನು ಅವುಗಳನ್ನು ಸುಟ್ಟುಹಾಕಿದನೆಂದು ಜೀವನಚರಿತ್ರೆಗಳು ಹೇಳುತ್ತವೆ. ೧೮೮೭ರಲ್ಲಿ ಅಚ್ಚಾದ ಎಸ್ಪೆರಾಂತೊ ಭಾಷೆಯ ಮೊದಲ ಪುಸ್ತಕವು ಎರಡನೆಯ ಸಲ ಮಾಡಿದ ಕೆಲಸದ ಫಲ.

ಪ್ರಬಂಧದ ಕೊನೆಯಲ್ಲಿ ಟೋಲ್ಕೀನರು ತಮ್ಮ ಭಾಷೆಗಳಲ್ಲಿ ರಚಿಸಿದ ಕೆಲವು ಪದ್ಯಗಳನ್ನು ಓದಿದ್ದಾರೆ. ಅವುಗಳಲ್ಲಿ ಮುಖ್ಯವಾದುದು ‘ಕಡೆಯ ಹಡಗು’ ಎಂಬರ್ಥದ ಕ್ವೆನ್ಯಾ ಕವಿತೆ. ಇವುಗಳ ಗುಣವನ್ನು ನಿಷ್ಕರ್ಷಿಸುವುದು ಹೇಗೆ? ಕವಿಯೊಬ್ಬನೇ ಆ ಭಾಷೆಯ ರಸಿಕನೂ ವೈಯಾಕರಣನೂ ಆಗಿರುವಲ್ಲಿ ಸಾಧುತ್ವವನ್ನು ಹೇಳುವವರಿಲ್ಲ. ಇಂಗ್ಲಿಷು ಭಾಷಾಂತರವನ್ನು ಪಕ್ಕದಲ್ಲಿಟ್ಟುಕೊಂಡು 'ಇಂಪಾಗಿದೆ' ಎನ್ನುವುದು ವಿಮರ್ಶೆಯಲ್ಲ, ದಾಕ್ಷಿಣ್ಯ. ಕನ್ನಡ ವಿದ್ವಾಂಸರಿಗೆ ಇದಕ್ಕೆ ಸಮೀಪವಾದ ಒಂದು ತೊಡಕು ಪರಿಚಿತವೇ ಆಗಿದೆ. ಈಜಿಪ್ಟಿನ ಆಕ್ಸಿರಿಂಖಸ್ಸಿನಲ್ಲಿ ದೊರೆತ ಗ್ರೀಕ್ ಪ್ರಹಸನದಲ್ಲಿ ಭಾರತೀಯ ಪಾತ್ರಗಳು ಆಡುವ ಮಾತು ಕನ್ನಡವೆಂದು ೧೯೦೪ರಲ್ಲಿ ಹುಲ್ಷ್ ಪಂಡಿತನು ಸೂಚಿಸಿದನು. ಶಾಮಶಾಸ್ತ್ರಿಗಳೂ ಗೋವಿಂದ ಪೈಗಳೂ ಆ ಪಕ್ಷವನ್ನು ಪೋಷಿಸಿದರು. ೧೯೨೬ರಲ್ಲಿ ಬಾರ್ನೆಟ್ಟನು ಅದನ್ನು ಅಲ್ಲಗಳೆದನು. ಆ ಚರ್ಚೆಯ ಒಳಗೆ ಹೋಗುವುದು ಇಲ್ಲಿ ಅನಾವಶ್ಯಕ. ಗಮನಿಸತಕ್ಕದ್ದು ಇಷ್ಟೇ: ಆ ಚರ್ಚೆಯಲ್ಲಿ ಎರಡು ಪಕ್ಷದವರೂ ನಾದವು ಕನ್ನಡದಂತೆ ಕೇಳುತ್ತದೆಂಬುದರಲ್ಲಿ ತೃಪ್ತರಾಗಲಿಲ್ಲ, ರೂಪ, ಪ್ರತ್ಯಯ, ಕಾಲ ಇವುಗಳ ಸಾಕ್ಷ್ಯವನ್ನೇ ಕೇಳಿದರು. ಗ್ರೀಕ್ ಪ್ರೇಕ್ಷಕನಿಗೆ ಪರಕೀಯವೆನ್ನಿಸಿದರೆ ಸಾಕಾಗಿದ್ದ ಮಾತು ಪಂಡಿತನಿಗೆ ಸಾಕಾಗಲಿಲ್ಲ.

ಟೋಲ್ಕೀನರ ಭಾಷೆಗಳಿಗೆ ಸರಿಯಾದ ಪರೀಕ್ಷೆಯು ಪದ್ಯಗಳಲ್ಲಿಲ್ಲ, ಗದ್ಯಕಥೆಯ ನಾಮಪದಗಳಲ್ಲಿದೆ. ಅವರ ಮಹಾಕಥೆಯ ವಾಚಕರಲ್ಲಿ ಸಿಂದರಿನ್ ಬಲ್ಲವರು ಅತ್ಯಲ್ಪ. ಆದರೂ ಬೆಟ್ಟ, ಹೊಳೆ, ಊರು, ವಂಶಗಳ ಹೆಸರುಗಳು ಅವರಿಗೆ ಹಳೆಯವಾಗಿ ಕೇಳುತ್ತವೆ. ಎಲ್ಲೋ ಅರ್ಥವಿರುವಂತೆ, ಸವೆದು ಉಳಿದವುಗಳಂತೆ ತೋರುತ್ತವೆ. ನಮ್ಮ ಬೆಳಗೊಳ, ಹಳೇಬೀಡು, ತಲಕಾಡುಗಳಂತೆ ಅವೂ ಧಾತುಗಳಿಂದ ಕಟ್ಟಲ್ಪಟ್ಟು ನಿಯಮಕ್ಕೆ ಅನುಸಾರವಾಗಿ ಸವೆದಿರುವುದೇ ಇದಕ್ಕೆ ಕಾರಣ. ಒಂದೇ ಧಾತುವು ಎರಡು ಮೂರು ಹೆಸರುಗಳಲ್ಲಿ ತಲೆದೋರಿದಾಗ, ವ್ಯಾಕರಣವನ್ನು ಅರಿಯದ ವಾಚಕನೂ ನಂಟನ್ನು ಗುರುತಿಸುತ್ತಾನೆ. ಕಿವಿಗೆ ಇಂಪಾದ ಹೆಸರುಗಳನ್ನು ಸುಮ್ಮನೆ ಪೋಣಿಸಿದ ಅನುಕರಣಗ್ರಂಥಗಳು ಈಚೆಗೆ ಹೇರಳವಾಗಿ ಬಂದಿವೆ. ಅವುಗಳಲ್ಲಿ ಈ ನಂಟಿಲ್ಲ, ಆದುದರಿಂದ ಹೆಸರುಗಳು ಪುಸ್ತಕವನ್ನು ಮುಚ್ಚಿದ ಒಡನೆ ಮರೆತುಹೋಗುತ್ತವೆ.

ಕೊನೆಗೆ ‘ವ್ಯಸನ’ವೆಂಬ ಮಾತು. ಟೋಲ್ಕೀನರು ನಗುತ್ತಲೇ ಅದನ್ನು ಬಳಸಿದ್ದಾರೆ. ಆದರೆ ನಗುವಿನ ಕೆಳಗೆ ನಿಜವಾದ ಸಂಕೋಚವಿದೆ. ಪ್ರಬಂಧದುದ್ದಕ್ಕೂ ಅವರು ಕ್ಷಮೆ ಬೇಡುವ ಧಾಟಿಯನ್ನು ಬಿಡುವುದಿಲ್ಲ. ತಾವು ಮಾಡುತ್ತಿದ್ದುದು ಬರಿಯ ಸುಖವೆಂದು ಅವರು ಸ್ವಲ್ಪಮಟ್ಟಿಗಾದರೂ ನಂಬಿದ್ದರಿಂದಲೇ ಈ ಧಾಟಿ ಬಂದಿದೆ. ಗಾಥಿಕ್ ಭಾಷೆಯ ಕಳೆದುಹೋದ ಶಬ್ದಗಳನ್ನು ಊಹಿಸುತ್ತಿದ್ದ ಹುಡುಗನು ಶಬ್ದಶಾಸ್ತ್ರವನ್ನು ಕಲಿಯುತ್ತಿದ್ದನು. ಪಾಠಪುಸ್ತಕವು ಕಲಿಸುವುದಕ್ಕಿಂತ ಚೆನ್ನಾಗಿ ಕಲಿಯುತ್ತಿದ್ದನು. ತರಗತಿಯ ಹಿಂದಿನ ಸಾಲಿನಲ್ಲಿ ಕುಳಿತು, ಲೋಕದಲ್ಲಿ ಯಾರೂ ಆಡದ ಭಾಷೆಯ ವಿಭಕ್ತಿಗಳನ್ನು ಪುಸ್ತಕದ ಅಂಚಿನಲ್ಲಿ ಬರೆಯುವ ವಿದ್ಯಾರ್ಥಿಯು ಸಿಕ್ಕಿದರೆ, ಉಪಾಧ್ಯಾಯನು ಕೇಳಬೇಕಾದ ಪ್ರಶ್ನೆಯು ಈ ಶಬ್ದವು ಇಂಪಾಗಿದೆಯೇ ಎಂಬುದಲ್ಲ, ಇದು ಮೊದಲು ಹೇಗಿತ್ತು ಎಂಬುದು. ಕೇಳಿದರೆ ಆ ವಿದ್ಯಾರ್ಥಿಯು ಹೆಚ್ಚು ಕಷ್ಟವಾದ, ಹೆಚ್ಚು ಫಲವುಳ್ಳ ಕೆಲಸಕ್ಕೆ ಇಳಿಯುತ್ತಾನೆ. ಇಲ್ಲವೆ ಆಟದಲ್ಲಿ ಬೇಸತ್ತು ಬಿಟ್ಟುಬಿಡುತ್ತಾನೆ.

ಪ್ರಬಂಧದ ಆರಂಭದಲ್ಲಿ ಬರುವ ವ್ಯಕ್ತಿಯೊಬ್ಬನಿದ್ದಾನೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಟೋಲ್ಕೀನರೊಡನೆ ಸೈನ್ಯದ ಶಿಕ್ಷಣಶಿಬಿರದಲ್ಲಿದ್ದ ಸಣ್ಣ ಆಳು. ಡೇರೆಯೊಳಗೆ ನೀರಸವಾದ ಯುದ್ಧಪಾಠವು ನಡೆಯುತ್ತಿದ್ದಾಗ, ಆತನು ಇದ್ದಕ್ಕಿದ್ದಂತೆ ತನ್ನಷ್ಟಕ್ಕೆ ತಾನು, ದ್ವಿತೀಯಾ ವಿಭಕ್ತಿಯನ್ನು ಪದದ ಮುಂದುಗಡೆ ಸೇರುವ ಉಪಸರ್ಗದಿಂದ ತೋರಿಸುವುದಾಗಿ ಗೊಣಗಿಕೊಂಡು ನಿಶ್ಚಯಿಸಿದನು. ಟೋಲ್ಕೀನರು ಎಷ್ಟು ಕೆದಕಿದರೂ ಆಮೇಲೆ ಅವನು ಬಾಯಿಬಿಡಲಿಲ್ಲ. ಯುದ್ಧದಲ್ಲಿ ಅವನು ಸತ್ತಿರಬೇಕೆಂದು ಅವರ ಊಹೆ. ಅವನ ಭಾಷೆಯ ವಿಷಯದಲ್ಲಿ ಲೋಕಕ್ಕೆ ಉಳಿದಿರುವುದು ಆ ಒಂದು ಸೂತ್ರ ಮಾತ್ರ.